ರೇಡಿಯೊದಾಗ ಕೇಳಿದ ಹಾಡು ಮತ್ತ ಹುಡುಕೋದು ಹ್ಯಾಂಗ? ಕಲಬುರಗಿ, ಬೀದರ್, ಯಾದಗಿರಿ ಕಡಿ ಕೇಳುಗರಿಗಿ

"ಸರ, ಮುಂಜಾನಿ ರೇಡಿಯೊದಾಗ ಒಂದ್ ಪದ ಬಂತ್ರಿ, ಭಾಳ ಚಂದಿತ್ತು, ಯಾರದದು?" ಹಿಂಗ ಕೇಳೋ ಮಂದಿ ನಮ್ಮ ಕಡಿ ಇನ್ನೂ ಭಾಳ ಅದಾರ. ನಾನು ಕೆಲವು ವರ್ಷ ರೇಡಿಯೊದಾಗ ಕ್ಯಾಜುವಲ್ ಅನೌನ್ಸರ್ ಅಂತ ಕೂತವ, ಈಗ ಬಿಟ್ಟೀನಿ, ಆದ್ರೂ ಸಂಬಂಧಿಕರು, ಓಣಿ ಮಂದಿ, ಅವರ ಪರಿಚಯದವರು ನನಗ ಫೋನ್ ಹಚ್ಚೋದು ಬಿಟ್ಟಿಲ್ಲ. ಅದಕ್ಕ ಒಮ್ಮೆ ಎಲ್ಲಾ ಬರದು ಇಟ್ಟುಬಿಡೋಣ ಅಂತ ಕುಂತೀನಿ.

ಮೊದಲ ಒಂದು ಮಾತು ತಲ್ಯಾಗ ಇಟ್ಕೊಳ್ರಿ. ಹಾಡಿನ ಸಾಲು ನೆನಪಿರೋದಕ್ಕಿಂತ ಯಾವ ಸ್ಟೇಷನ್, ಯಾವ ತಾರೀಖು, ಎಷ್ಟು ಗಂಟೆ ಇವು ಮೂರು ನೆನಪಿರೋದು ದೊಡ್ಡದು. ಯಾಕಂದ್ರ ಆಕಾಶವಾಣಿ ಕೇಂದ್ರದಾಗ ಕೆಲಸ ನಡಿಯೋದು ಗಡಿಯಾರದ ಮ್ಯಾಲ. ಅನೌನ್ಸರ್ ಮುಂದ ಅವತ್ತಿನ ಕ್ಯೂ ಶೀಟ್ ಇರ್ತದ, ಎಷ್ಟು ಗಂಟೆಗಿ ಏನು, ಯಾರದು, ಎಷ್ಟು ನಿಮಿಷ ಅಂತ, ಅತ್ಲಾಗ ಡ್ಯೂಟಿ ರೂಮಿನಾಗ ಡ್ಯೂಟಿ ಆಫೀಸರ್ ಹಂತ್ಯಾಕ ಲಾಗ್ ಬುಕ್ ಇರ್ತದ, ಏನು ಹೋಯ್ತು ಏನು ತಪ್ಪಿತು ಅಂತ ಅದ್ರಾಗ ಬರೀತಾರ. ನೀವು "ಅದೇನೋ ಅವ್ವನ ಮ್ಯಾಲಿನ ಹಾಡು" ಅಂದ್ರ ಅವರು ಏನಂತ ಹುಡುಕಬೇಕು? "ಮಂಗಳವಾರ ಮುಂಜಾನಿ ಆರೂವರಿ ಸುಮಾರಿಗಿ" ಅಂದ್ರ ಹಾಳಿ ತಿರುವಿ ಹೇಳ್ತಾರ. ಇಷ್ಟ ಫರಕು.

ಹಂಗಾಗಿ ಹಾಡು ಹಿಡಿಸ್ತು ಅಂದ ಕೂಡ್ಲೆ ಫೋನ್ ತಗದು ಟೈಮ್ ನೋಡ್ರಿ, ನೋಟ್ಸಿನಾಗ ಹಾಕ್ರಿ, ಬರಿಲಿಕ್ಕ ಬ್ಯಾಸರ ಆದ್ರ ಸ್ಕ್ರೀನ್‌ಶಾಟ್ ಹೊಡೀರಿ, ತಾರೀಖು ಟೈಮು ತಾನ ಉಳೀತದ. ಮತ್ತ ಹಾಡು ಮುಗಿದ ಮ್ಯಾಲ ಅರ್ಧ ನಿಮಿಷ ಸ್ಟೇಷನ್ ಬದಲಾಯಿಸಬ್ಯಾಡ್ರಿ. ಸಿನಿಮಾ ಹಾಡಿದ್ದರ ಚಿತ್ರದ ಹೆಸರು, ಹಾಡಿದವರು, ಸಾಹಿತ್ಯ, ಸಂಗೀತ ಹೇಳೋದು ರೇಡಿಯೊದಾಗ ರೂಢಿ, ಶಾಸ್ತ್ರೀಯ ಆದ್ರ ರಾಗ, ತಾಳ, ತಬಲಾ ಸಾಥ್ ಯಾರದು, ಹಾರ್ಮೋನಿಯಂ ಯಾರದು ಅಂತ ಎಲ್ಲಾ ಹೇಳ್ತಾರ. ಕೆಲವೊಮ್ಮೆ ಮೊದಲ ಹೇಳಿರ್ತಾರ, ಕೆಲವೊಮ್ಮೆ ಕಡೀಕ. ವಾರ್ತಾ ಟೈಮ್ ಸನಿಹ ಬಂದಾಗ ಕಡೀದು ನುಂಗಿ ಹೋಗ್ತದ, ಅದು ಅನೌನ್ಸರ್ ತಪ್ಪಲ್ಲ, ವಾರ್ತಾ ಯಾರಿಗೂ ಕಾಯಂಗಿಲ್ಲ.

ತಾರೀಖು ಮರ್ತು ಹೋಗಿದ್ರ ಏನು ಮಾಡಬೇಕು? ಅವತ್ತು ಬ್ಯಾರೆ ಏನು ನಡೀತು ಅದನ್ನ ಹಿಡಕೊಂಡು ಹಿಂದಕ್ಕ ಹೋಗ್ರಿ. ಶರಣಬಸವೇಶ್ವರ ಜಾತ್ರಿ ತೇರಿನ ಹಿಂದಿನ ದಿನಾನೋ, ಬಂದೇನವಾಜ್ ಉರುಸಿನ ಟೈಮಿಗೋ, ಸೆಪ್ಟೆಂಬರ್ 17ರ ಧ್ವಜ ಹಾರಿಸಿದ ದಿನಾನೋ, ಬಸವ ಜಯಂತಿನೋ. ಇಂಥ ದಿನಕ್ಕ ಕೇಂದ್ರದವರು ವಿಶೇಷ ಕಾರ್ಯಕ್ರಮ ಹಾಕಿರ್ತಾರ, ಹಂಗಾಗಿ ಆ ಸುಳಿವು ಎರಡು ಕಡಿ ಉಪಯೋಗ ಬೀಳ್ತದ. ಅವತ್ತು ಫೋನ್‌ಪೇ ಮಾಡಿದ್ದು, ಬಸ್ ಟಿಕೆಟ್, ಯಾರಿಗರ ವಾಟ್ಸಾಪಿನಾಗ "ರೇಡಿಯೊ ಹಚ್ಚು" ಅಂತ ಮೆಸೇಜ್ ಕಳಿಸಿದ್ದು, ಇವೂ ತಾರೀಖು ತೋರಸ್ತಾವ. ಟೈಮಿಗಿ ಬಂದ್ರ, ಆ ಹಾಡು ಆದ ಮ್ಯಾಲ ವಾರ್ತಾ ಬಂತೋ, ಕೃಷಿರಂಗ ಬಂತೋ, ಅದಕ್ಕ ಮೊದಲ ಚಿಂತನ ಆಗಿತ್ತೋ ಅಂತ ನೆನಸ್ರಿ. "ವಾರ್ತಾಕ್ಕಿಂತ ಮೊದಲಿನ ಹಾಡು" ಅಂದ್ರೂ ಸಾಕು, ಜಾಗ ಸಿಕ್ಕಂಗ.

ಇನ್ನ ಯಾವ ಸ್ಟೇಷನ್ ಅನ್ನೋದು. ಇದ್ರಾಗ ನಮ್ಮ ಮಂದಿ ಭಾಳ ಎಡವ್ತಾರ, ಯಾಕಂದ್ರ ನಾವಿರೋದು ಗಡಿಯಾಗ. ಬೀದರದಾಗ ಕೂತವರಿಗಿ ಹೈದರಾಬಾದ್ ಹತ್ತಿರ, ಆಳಂದ, ಅಫಜಲಪುರ ಕಡಿಯವರಿಗಿ ಸೊಲ್ಲಾಪುರ ಹತ್ತಿರ. ಹಳೇ ಮೀಡಿಯಂ ವೇವ್ ರೇಡಿಯೊ ಇದ್ದರ ಮುಳ್ಳು ಎಲ್ಲಿ ನಿಂತಿತ್ತು ನೋಡ್ರಿ: 1107 ಅಂದ್ರ ನಮ್ಮ ಕಲಬುರಗಿ, 765 ಧಾರವಾಡ, 738 ಹೈದರಾಬಾದ್, 612 ಬೆಂಗಳೂರು, 1602 ಸೊಲ್ಲಾಪುರ. ಹಗಲೊತ್ತು ಸನಿಹದ ಸ್ಟೇಷನ್ ಅಷ್ಟ ಬರ್ತಾವ, ಹೊತ್ತು ಮುಳುಗಿದ ಮ್ಯಾಲ ಕಥಿ ಬ್ಯಾರೆ. ಹಗಲಿನ್ಯಾಗ ಈ ಅಲೆಗಳನ್ನ ಹೀರಿಕೊಳ್ಳೋ ಒಂದು ಪದರ ಮ್ಯಾಲ ಆಕಾಶದಾಗ ಇರ್ತದ, ರಾತ್ರಿ ಅದು ಕರಗಿ ಹೋಗ್ತದ, ಆಗ ಅಲೆಗಳು ಇನ್ನೂ ಮ್ಯಾಲಿನ ಪದರಕ್ಕ ಬಡದು ನೂರಾರು ಮೈಲಿ ಆಚಿ ಬಂದು ಬೀಳ್ತಾವ. ಅದಕ್ಕ ಸುರಪುರದಾಗ ರಾತ್ರಿ ಒಂಬತ್ತಕ್ಕ ಕೇಳಿದ್ದು ಕಲಬುರಗಿದ ಅಂತ ಗ್ಯಾರಂಟಿ ಹೇಳಲಿಕ್ಕ ಬರಂಗಿಲ್ಲ, ಸ್ಟೇಷನ್ ಹೆಸರು ಹೇಳೋ ತನಕ ಕೇಳಬೇಕು.

ಫೋನಿನಾಗ ಕೇಳೋರಿಗಿ ಈ ತಾಪತ್ರಯ ಇಲ್ಲ. ಪ್ರಸಾರ ಭಾರತಿದು ನ್ಯೂಸ್ ಆನ್ ಏರ್ ಆ್ಯಪ್ ಅದ, ಅದ್ರಾಗ ದೇಶದ ಇನ್ನೂರಕ್ಕೂ ಹೆಚ್ಚು ಆಕಾಶವಾಣಿ ವಾಹಿನಿ ಲೈವ್ ಬರ್ತಾವ, ಹೆಸರು ಮ್ಯಾಲ ಬರದೇ ಇರ್ತದ. ಒಂದ ನೆನಪಿಡ್ರಿ, ಆ್ಯಪಿನಾಗ ಬರೋದು ರೇಡಿಯೊಕ್ಕಿಂತ ಸ್ವಲ್ಪ ಹಿಂದಿರ್ತದ, ಹಂಗಾಗಿ ಟೈಮ್ ಹೇಳೋ ಮುಂದ "ಆ್ಯಪಿನಾಗ ಕೇಳಿದೆ" ಅಂತನೂ ಹೇಳ್ರಿ.

ಮತ್ತೊಂದು ಸಿಕ್ಕು ಅದ, ಇದನ್ನ ಹೊರಗಿನವರು ಯಾರೂ ಹೇಳಂಗಿಲ್ಲ. ಕಲಬುರಗಿ ಸ್ಟೇಷನ್ನಿನಾಗ ಕೇಳಿದ್ದೆಲ್ಲಾ ಕಲಬುರಗಿದಾಗ ತಯಾರಾಗಿದ್ದಲ್ಲ. ಕೆಲವು ಬೆಂಗಳೂರಿಂದ ರಿಲೇ ಆಗ್ತಾವ, ಕೆಲವು ದಿಲ್ಲಿಯಿಂದ, ಕೆಲವು ವಿವಿಧ ಭಾರತಿಯಿಂದ. ರಿಲೇ ಆದದ್ದಕ್ಕ ಇಲ್ಲಿನ ಕ್ಯೂ ಶೀಟಿನಾಗ ಬರೇ "ರಿಲೇ" ಅಂತ ಇರ್ತದ, ಒಳಗ ಯಾವ ಹಾಡು ಬಂತು ಅನ್ನೋದು ಇರಂಗಿಲ್ಲ. ಆಗ ಇಲ್ಲಿನವರ ಮ್ಯಾಲ ಸಿಟ್ಟು ಮಾಡಿ ಉಪಯೋಗಿಲ್ಲ, ಎಲ್ಲಿಂದ ರಿಲೇ ಆಯ್ತು ಅಂತ ಕೇಳಿಕೊಂಡು ಆ ಕೇಂದ್ರಕ್ಕ ಬರೀಬೇಕು. ಖಾಸಗಿ ಎಫ್‌ಎಂ ಆದ್ರ ಕೆಲಸ ಹಗುರ, ಅವರು ಹಾಕೋದು ಹೆಚ್ಚಾಗಿ ಸಿನಿಮಾ ಹಾಡು, ಮುಂದ ಹೇಳೋ ಆ್ಯಪಿನಾಗ ಸಿಕ್ಕುಬಿಡ್ತಾವ.

ಈಗ ಆ್ಯಪಿಗಿ ಬರೋಣ. ಹಾಡು ನಡೀತಿರೋವಾಗನ ಶಾಜಾಮ್ ಅನ್ನೋ ಹಾಡು ಗುರುತಿಸೋ ಆ್ಯಪ್ ಒತ್ತಿ ಫೋನನ್ನ ಸ್ಪೀಕರ್ ಹಂತ್ಯಾಕ ಹಿಡೀರಿ, ಹತ್ತು ಸೆಕೆಂಡಿನಾಗ ಹೆಸರು ಬರ್ತದ, ನೆಟ್ ಇಲ್ಲದ ಊರಾಗಿದ್ರೂ ಒತ್ತಿ ಇಡ್ರಿ, ಅದು ಆ ತುಣುಕು ಉಳಿಸಿಕೊಂಡು ನೆಟ್ ಬಂದಾಗ ಹುಡುಕ್ತದ. ಹಾಡು ಮುಗಿದು ಹೋಗಿದ್ರ ಗೂಗಲ್ ಆ್ಯಪಿನಾಗ ಮೈಕ್ ಒತ್ತಿ, ಹಾಡು ಹುಡುಕು ಅನ್ನೋ ಬಟನ್ ಒತ್ತಿ, ಹತ್ತು ಹದಿನೈದು ಸೆಕೆಂಡ್ ಗುನುಗ್ರಿ. 2020ರಿಂದ ಈ ಸೌಲಭ್ಯ ಅದ, ಸಾಲು ಗೊತ್ತಿರಬೇಕಂತಿಲ್ಲ, ಲಾ ಲಾ ಅಂದ್ರೂ ನಡೀತದ, ಕಂಠ ಹ್ಯಾಂಗಿದ್ರೂ ಅದು ನಗಂಗಿಲ್ಲ.

ಆದ್ರ ಇವು ಎಲ್ಲಿ ಸೋಲ್ತಾವ ಅನ್ನೋದು ಗೊತ್ತಿರಬೇಕು. ಶಾಜಾಮ್ ಹಾಡಿನ ಅರ್ಥ ತಿಳಕೊಳ್ಳಂಗಿಲ್ಲ, ಧ್ವನಿಯೊಳಗ ಎದ್ದು ಕಾಣೋ ಗುರುತುಗಳನ್ನ ಹಿಡದು ತನ್ನ ಹತ್ತಿರ ಇರೋ ರೆಕಾರ್ಡುಗಳ ಗುರುತಿಗಿ ಹೋಲಿಸ್ತದ, ಬೆರಳಚ್ಚು ತಾಳಿ ನೋಡಿದಂಗ. ಅದೇ ರೆಕಾರ್ಡಿಂಗ್ ಅದರ ಹಂತ್ಯಾಕ ಇದ್ರನೇ ಉತ್ತರ. ಕಲಬುರಗಿ ಸ್ಟುಡಿಯೊದಾಗ ಯಾವುದೋ ಹಳ್ಳಿ ಭಜನಾ ಮಂಡಳಿಯವರು ಬಂದು ಹಾಡಿ ಹೋದ ತತ್ವಪದ, ಮೊಹರಂ ಪದ, ಸೋಬಾನಿ ಪದ, ಇವು ಯಾವ ಕಂಪನಿ ಕ್ಯಾಸೆಟ್ಟಿನಾಗೂ ಬಂದಿಲ್ಲ, ಆ್ಯಪಿನಾಗ ಎಲ್ಲಿಂದ ಬರಬೇಕು? ನಮ್ಮ ಕೇಂದ್ರ ಶುರು ಆಗಿದ್ದು 1966ರಾಗ, ಅವತ್ತಿಂದ ಇಲ್ಲಿನ ಕಲಾವಿದರು ಹಾಡಿದ್ದು ಅಷ್ಟೋ ಇಷ್ಟೋ ಅಲ್ಲ. ಜನ ಜೀವ ತಿಂದು ಕೇಳೋದೂ ಹೆಚ್ಚಾಗಿ ಇಂಥವ. ಆ್ಯಪ್ "ಸಿಗಲಿಲ್ಲ" ಅಂದ್ರ ಬ್ಯಾಸರ ಮಾಡ್ಕೋಬ್ಯಾಡ್ರಿ, ಅದು ಸ್ಟುಡಿಯೊದ್ದು ಇರಬೋದು ಅನ್ನೋ ಸುಳಿವು ಅದು.

ಅಂಥ ಹೊತ್ತಿನಾಗ ನಮಗ ಇನ್ನೊಂದು ದಾರಿ ಅದ, ನನಗಂತೂ ಇದು ಎಲ್ಲಾ ಆ್ಯಪಿಗಿಂತ ಮಿಗಿಲು. ಪದದ ಕಡೀ ಸಾಲು ಕೇಳ್ರಿ. ವಚನ, ದಾಸರ ಪದ, ತತ್ವಪದ ಬರದವರು ಕಡೀಕ ತಮ್ಮ ಅಂಕಿತ, ಅಂದ್ರ ತಮ್ಮ ಗುರುತಿನ ಹೆಸರು, ಇಟ್ಟೇ ಇಡ್ತಾರ. ಕೂಡಲಸಂಗಮದೇವ ಅಂದ್ರ ಬಸವಣ್ಣ, ಗುಹೇಶ್ವರ ಅಂದ್ರ ಅಲ್ಲಮ, ಚೆನ್ನಮಲ್ಲಿಕಾರ್ಜುನ ಅಂದ್ರ ಅಕ್ಕಮಹಾದೇವಿ, ಇವು ಎಲ್ಲರಿಗೂ ಗೊತ್ತು. ರಾಮನಾಥ ಅಂತ ಬಂದ್ರ ನಮ್ಮ ಯಾದಗಿರಿ ಜಿಲ್ಲಾ ಮುದನೂರಿನ ಜೇಡರ ದಾಸಿಮಯ್ಯ. ಬರೇ ಅಮರೇಶ್ವರಲಿಂಗ ಅಂದ್ರ ಆಯ್ದಕ್ಕಿ ಮಾರಯ್ಯ, ಅದಕ್ಕಿಂತ ಮೊದಲ ಮಾರಯ್ಯಪ್ರಿಯ ಅಂತ ಸೇರಿದ್ರ ಅವನ ಹೆಂಡತಿ ಲಕ್ಕಮ್ಮ. ದಾಸರ ಪದದಾಗ ವಿಠಲ ಅಂತ ಕೇಳಿದ ಕೂಡ್ಲೆ ಪುರಂದರದಾಸರು ಅಂದುಬಿಡ್ತೀವಿ, ಆದ್ರ ವಿಠಲದ ಹಿಂದ ಏನದ ನೋಡಬೇಕು: ವಿಜಯವಿಠಲ ವಿಜಯದಾಸರು, ಗೋಪಾಲವಿಠಲ ಗೋಪಾಲದಾಸರು, ಜಗನ್ನಾಥವಿಠಲ ಜಗನ್ನಾಥದಾಸರು. ಕಾಗಿನೆಲೆಯಾದಿಕೇಶವ ಬಂದ್ರ ಕನಕದಾಸರು. ಶಿಶುನಾಳಧೀಶ ಬಂದ್ರ ಶರೀಫಜ್ಜ. ಮಹಾಂತ, ಗುರುಮಹಾಂತ ಅಂತ ಬಂದ್ರ ಮೊದಲ ಕಡಕೋಳ ಮಡಿವಾಳಪ್ಪನ ಪದಗಳಾಗ ಹುಡುಕ್ರಿ.

ಬ್ಯಾರೆ ಭಾಷಾಕ್ಕೂ ಇದೇ ನಡೀತದ. ಸೊಲ್ಲಾಪುರದಿಂದ ಕೇಳಿದ ಅಭಂಗದಾಗ "ತುಕಾ ಮ್ಹಣೆ" ಬಂದ್ರ ತುಕಾರಾಮ, "ನಾಮಾ ಮ್ಹಣೆ" ಬಂದ್ರ ನಾಮದೇವ, "ಏಕಾ ಜನಾರ್ದನಿ" ಬಂದ್ರ ಏಕನಾಥ. ಹೈದರಾಬಾದಿನಿಂದ ಗಜಲ್ ಕೇಳಿದ್ರ ಕಡೀ ಶೇರಿನಾಗ, ಅಂದ್ರ ಕಡೀ ಎರಡು ಸಾಲಿನಾಗ, ಕವಿ ತನ್ನ ತಖಲ್ಲುಸ್ ಅಂದ್ರ ಕಾವ್ಯನಾಮ ಇಟ್ಟಿರ್ತಾನ, ಅದೊಂದು ಕಿವಿಗಿ ಬಿದ್ರ ಉರ್ದು ಬಲ್ಲ ಯಾವ ಚಾಚಾನ ಹಂತ್ಯಾಕ ಹೋದ್ರೂ ಹೆಸರು ಹೇಳ್ತಾರ.

ಅಂಕಿತ ಬರದವರು ಯಾರು ಅಂತ ಹೇಳ್ತದ, ಹಾಡಿದವರು ಯಾರು ಅಂತ ಹೇಳಂಗಿಲ್ಲ. ಅದೇ ವಚನ ಮಲ್ಲಿಕಾರ್ಜುನ ಮನ್ಸೂರರು ಒಂದು ಥರ ಹಾಡ್ಯಾರ, ಸಿದ್ಧರಾಮ ಜಂಬಲದಿನ್ನಿಯವರು ಒಂದು ಥರ, ಬಸವರಾಜ ರಾಜಗುರು ಒಂದು ಥರ, ಇನ್ನ ನಮ್ಮ ಊರ ಗಾಯಕರದು ನೂರು ಥರ. ಯೂಟ್ಯೂಬಿನಾಗ ಸಾಲು ಟೈಪ್ ಮಾಡಿದ್ರ ಬ್ಯಾರೆಯವರದೇ ಬರ್ತದ, "ಇದಲ್ಲ, ಇದಲ್ಲ" ಅಂತ ಕೂಡಬೇಕು. ಆಗ ವಾದ್ಯ ನೆನಸ್ರಿ: ಏಕತಾರಿ, ದಮ್ಮಡಿ, ತಾಳ ಅಷ್ಟ ಇತ್ತಾ? ಹಂಗಿದ್ರ ಭಜನಾ ಮಂಡಳಿ. ಹಾರ್ಮೋನಿಯಂ, ತಬಲಾ, ತಾನಪುರಾ ಇತ್ತಾ? ಶಾಸ್ತ್ರೀಯ ಕಲಿತವರು. ಕೊಳಲು, ವಯಲಿನ್, ಕೀಬೋರ್ಡ್ ತುಂಬಿತ್ತಾ? ಕ್ಯಾಸೆಟ್ ಕಂಪನಿದು ಇರಬೋದು, ಶಾಜಾಮ್ ಮತ್ತ ಒಮ್ಮೆ ನೋಡ್ರಿ.

ಅಫಜಲಪುರ ಕಡಿ ಒಬ್ಬರು ಕಾಕೂದು ಹಿಂಗ ಆಗಿತ್ತು. ಮುಂಜಾನಿ ರೊಟ್ಟಿ ಬಡಿಯೋ ಹೊತ್ತಿಗಿ ಪದ ಕೇಳ್ಯಾರ, ಸಾಲು ಒಂದೂ ನೆನಪಿಲ್ಲ, ಕಡೀಕ ಮಹಾಂತ ಅಂದದ್ದು ಅಷ್ಟ ಗೊತ್ತು, ಮತ್ತ ಗಂಡಸರು ಮೂರ್ನಾಕು ಮಂದಿ ಕೂಡಿ ಹಾಡಿದ್ರು, ಒಬ್ಬರ ದನಿ ಭಾಳ ಎತ್ತರ ಇತ್ತು ಅಂತ. ಅವರ ಮಗ ಎಲ್ಲಾ ಆ್ಯಪ್ ಮುಗಿಸಿ ಬಂದಿದ್ದ. ನಾನು ಕಾಕೂನ್ನ ಕೇಳಿದ್ದು ಒಂದ: ಅವತ್ತು ಏನು ದಿನ? ಅಮಾಸಿ, ಗಾಣಗಾಪುರಕ್ಕ ಹೋಗೋದಿತ್ತು, ಬಸ್ಸಿಗಿ ತಡ ಆಗ್ತದಂತ ಗಡಿಬಿಡಿ ಇತ್ತು ಅಂದ್ರು. ಅಮಾಸಿ ಅಂದ್ರ ತಾರೀಖು ಸಿಕ್ತು, ಬಸ್ಸಿನ ಟೈಮಿಂದ ಹೊತ್ತು ಸಿಕ್ತು. ಕೇಂದ್ರಕ್ಕ ಬರದು ಕೇಳಿದ್ರ ಯಾವ ಊರಿನ ಮಂಡಳಿ ಅಂತ ಹೇಳಿದ್ರು, ಆ ಊರು ಇವರ ಬೀಗರೂರಿನ ಪಕ್ಕದ್ದೇ! ಈಗ ಅವರ ಮನಿ ಕಾರ್ಯಕ್ಕ ಅದೇ ಮಂಡಳಿಯವರು ಬಂದು ಹಾಡಿ ಹೋಗ್ಯಾರ.

ಕೇಂದ್ರಕ್ಕ ಕೇಳೋದು ಹ್ಯಾಂಗ ಅಂದ್ರ, ಲೈವ್ ಫೋನ್-ಇನ್ ಕಾರ್ಯಕ್ರಮದ ನಂಬರಿಗಿ ಹಚ್ಚಿ ಕೇಳಬ್ಯಾಡ್ರಿ, ಅಲ್ಲಿ ಅನೌನ್ಸರ್ ಒಂದು ಕಣ್ಣು ಗಡಿಯಾರದ ಮ್ಯಾಲ ಇಟ್ಟು ಮಾತಾಡ್ತಿರ್ತಾರ. ಆಫೀಸ್ ಟೈಮಿನಾಗ ಫೋನ್ ಮಾಡ್ರಿ, ಇಲ್ಲಾ ಬರದು ಕಳಿಸ್ರಿ. ನನ್ನ ಕೇಳಿದ್ರ ಬರದು ಕಳಿಸೋದ ಛಲೋ, ಫೋನ್ ಎತ್ತಿದವರು ಮರೀತಾರ, ಚೀಟಿ ಮರಿಯಂಗಿಲ್ಲ. ಕಾಗದ, ಇಮೇಲ್, ಕೇಂದ್ರದ ಸೋಶಿಯಲ್ ಮೀಡಿಯಾ ಪುಟ ಇದ್ರ ಅದಕ್ಕ ಮೆಸೇಜ್, ಯಾವುದಾದ್ರೂ ಆಗ್ತದ. ಕೇಳುಗರ ಪತ್ರಕ್ಕ ಉತ್ತರ ಕೊಡೋ ಕಾರ್ಯಕ್ರಮ ಆಕಾಶವಾಣಿದಾಗ ಹಳೇ ರೂಢಿ, ಅದಕ್ಕ ಬರದ್ರ ನಿಮ್ಮ ಹೆಸರೂ ರೇಡಿಯೊದಾಗ ಬಂದಂಗ ಆಯ್ತು. ಹಿಂಗ ಬರೀರಿ:

"ನಮಸ್ಕಾರ್ರಿ. ನಾನು ಚಿತ್ತಾಪುರ ತಾಲೂಕಿನ ಕೇಳುಗ. ಹೋದ ಬುಧವಾರ (ತಾರೀಖು ಹಾಕ್ರಿ) ಮುಂಜಾನಿ 6:40ರಿಂದ 6:50ರ ನಡುವ ಕಲಬುರಗಿ ಕೇಂದ್ರದಿಂದ ಒಂದು ವಚನ ಪ್ರಸಾರ ಆಯ್ತು. ಹೆಣ್ಮಗಳ ದನಿ, ಹಾರ್ಮೋನಿಯಂ ಮತ್ತ ತಬಲಾ ಇತ್ತು, ಅಂಕಿತ ಚೆನ್ನಮಲ್ಲಿಕಾರ್ಜುನ. ಹಾಡಿದವರ ಹೆಸರು ತಿಳಿಸಬೇಕು, ಮತ್ತ ಅದನ್ನ ಮರುಪ್ರಸಾರ ಮಾಡಲಿಕ್ಕ ಬರ್ತದೇನು ಅಂತ ಕೇಳಿಕೊಳ್ತೀನಿ."

ಇಷ್ಟ ಸಾಕು. ಹತ್ತು ನಿಮಿಷದ ಅಂತರ ಕೊಡ್ರಿ, ಒಂದೇ ನಿಮಿಷ ಹೇಳಿ ಅದು ತಪ್ಪಿದ್ರ ಅವರು ಬ್ಯಾರೆ ಹಾಡಿನ ಹೆಸರು ಕಳಿಸಿಬಿಡ್ತಾರ. ಒಂದು ಪತ್ರದಾಗ ಒಂದ ಹಾಡು ಕೇಳ್ರಿ. ಮತ್ತ "ಆಡಿಯೊ ವಾಟ್ಸಾಪ್ ಮಾಡ್ರಿ" ಅಂತ ಮೊದಲ್ನೇ ಪತ್ರದಾಗ ಕೇಳಬ್ಯಾಡ್ರಿ, ಹೆಸರು ಹೇಳೋದು ಅವರ ಕೈಯಾಗ ಅದ, ರೆಕಾರ್ಡಿಂಗ್ ಕೊಡೋದಕ್ಕ ಬ್ಯಾರೆ ನಿಯಮ, ಕಲಾವಿದರ ಹಕ್ಕು ಅದ. ಮರುಪ್ರಸಾರ ಕೇಳೋದು ಹಗುರ, ಎಷ್ಟೋ ಸಲ ಮಾಡ್ತಾರ ಕೂಡ.

ಹಾಡಿಗಿಂತ ಕಷ್ಟದ್ದು ಭಾಷಣ, ನಾಟಕ, ಸಂದರ್ಶನ. ಅದ್ರಾಗೂ "ನಮ್ಮ ಅಪ್ಪಾವ್ರು ರೇಡಿಯೊದಾಗ ಮಾತಾಡಿದ್ರು, ಈಗ ಅವರಿಲ್ಲ, ಆ ದನಿ ಬೇಕಾಗ್ಯಾದ" ಅಂತ ಬರ್ತಾರಲ್ಲ, ಅವರಿಗಿ ಇಲ್ಲ ಅನ್ನೋದು ಭಾಳ ತ್ರಾಸ. ಇಂಥದಕ್ಕ ಮನ್ಯಾಗಿನ ಟ್ರಂಕ್ ಮೊದಲ ತಗೀರಿ. ಆಕಾಶವಾಣಿ ತನ್ನ ಕಲಾವಿದರಿಗಿ, ಭಾಷಣಕಾರರಿಗಿ ಕಾಂಟ್ರ್ಯಾಕ್ಟ್ ಅಂತ ಒಂದು ಕಾಗದ ಕಳಿಸ್ತದ, ಅದ್ರಾಗ ಕಾರ್ಯಕ್ರಮ ಯಾವುದು, ರೆಕಾರ್ಡಿಂಗ್ ಯಾವತ್ತು, ಪ್ರಸಾರ ಯಾವತ್ತು, ಎಷ್ಟು ನಿಮಿಷ, ಸಂಭಾವನಿ ಎಷ್ಟು ಎಲ್ಲಾ ಬರದಿರ್ತದ. ಹಳೇ ಮಂದಿ ಅದನ್ನ ಹೊಲದ ಕಾಗದದ ಜೋಡಿ ಕಾಯ್ದಿಟ್ಟಿರ್ತಾರ. ಅದರ ಜೆರಾಕ್ಸ್ ಹಚ್ಚಿ ಕೇಂದ್ರದ ಮುಖ್ಯಸ್ಥರಿಗಿ ಒಂದು ಅರ್ಜಿ ಬರದ್ರ ಲೈಬ್ರರಿಯಾಗ ಹುಡುಕಲಿಕ್ಕ ಒಂದು ಆಧಾರ ಆಗ್ತದ. ಎಲ್ಲಾ ಉಳಿದಿರ್ತದ ಅಂತ ಆಸಿ ಇಟ್ಕೋಬ್ಯಾಡ್ರಿ, ಸ್ಪೂಲ್ ಟೇಪಿನ ಕಾಲದಾಗ ಟೇಪ್ ತುಟ್ಟಿ ಇತ್ತು, ಪ್ರಸಾರ ಆದ ಮ್ಯಾಲ ಅದನ್ನ ಅಳಿಸಿ ಮತ್ತ ರೆಕಾರ್ಡ್ ಮಾಡ್ತಿದ್ರು, ದೊಡ್ಡವರದು ಅಂತ ಆರಿಸಿದ್ದು ಅಷ್ಟ ಲೈಬ್ರರಿಗಿ ಹೋಗ್ತಿತ್ತು. ಎಷ್ಟು ಬರದ್ರೂ ಉತ್ತರ ಬರಲಿಲ್ಲ ಅಂದ್ರ ಮಾಹಿತಿ ಹಕ್ಕು ಅದ, ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದಾಗ ಉತ್ತರ ಕೊಡಬೇಕು, ಆದ್ರ ಒಂದು ಸಿನಿಮಾ ಹಾಡಿಗಿ ಅದನ್ನ ಹಾಕಬ್ಯಾಡ್ರಿ ದಯವಿಟ್ಟು.

ಯೂಟ್ಯೂಬಿನಾಗ ಹುಡುಕೋರು ಊರಿನ ಹೆಸರು ಎರಡೂ ಥರ ಹಾಕ್ರಿ. 2014ರ ನವೆಂಬರಿಗಿ ಗುಲ್ಬರ್ಗಾ ಹೋಗಿ ಅಧಿಕೃತವಾಗಿ ಕಲಬುರಗಿ ಆಯ್ತು, ಅದಕ್ಕ ಮೊದಲ ಹಾಕಿದ್ದೆಲ್ಲಾ ಗುಲ್ಬರ್ಗಾ ಅಂತನೇ ಅದ. ಹಂಗ 2023ರ ತನಕ ಇಂಗ್ಲಿಷಿನಾಗ ಆಲ್ ಇಂಡಿಯಾ ರೇಡಿಯೊ ಅಂತ ಇತ್ತು, ಈಗ ಎಲ್ಲಾ ಕಡಿ ಆಕಾಶವಾಣಿ. ಕನ್ನಡ ಅಕ್ಷರದಾಗ ಒಮ್ಮೆ, ಇಂಗ್ಲಿಷ್ ಅಕ್ಷರದಾಗ ಒಮ್ಮೆ ಟೈಪ್ ಮಾಡ್ರಿ. ಪ್ರಸಾರ ಭಾರತಿ ಆರ್ಕೈವ್ಸ್ ಅಂತ ಚಾನೆಲ್ ಅದ, ದೊಡ್ಡ ಗಾಯಕರ ಹಳೇ ರೆಕಾರ್ಡಿಂಗ್ ಅಲ್ಲಿ ಸಿಗ್ತಾವ.

ಹಾಂ, ಒಂದು ಟ್ಯೂನ್ ಬಗ್ಗಿ ಎಲ್ಲರೂ ಕೇಳ್ತಾರ, ಮುಂಜಾನಿ ಸ್ಟೇಷನ್ ಶುರು ಆಗೋ ಮುಂದ, ವಂದೇ ಮಾತರಂಕ್ಕಿಂತ ಮೊದಲ ಬರ್ತದಲ್ಲ ಅದು. ಅದು ಆಕಾಶವಾಣಿ ಸಿಗ್ನೇಚರ್ ಟ್ಯೂನ್, ಶಿವರಂಜನಿ ರಾಗದ ನೆರಳು ಅದ್ರಾಗ ಅದ, ಮಾಡಿದವರು ವಾಲ್ಟರ್ ಕೌಫ್‌ಮನ್, 1930ರ ದಶಕದಾಗ ಚೆಕ್ ನಾಡಿಂದ ಮುಂಬೈಗಿ ಬಂದು ಅಲ್ಲಿನ ರೇಡಿಯೊದಾಗ ಕೆಲಸ ಮಾಡಿದ ಯಹೂದಿ ಸಂಗೀತಗಾರ. ಯೂಟ್ಯೂಬಿನಾಗ ಸುಲಭ ಸಿಗ್ತದ.

ಮುಂದಿನ ಸಲಕ್ಕ ತಯಾರಿ ಇರ್ರಿ. ಕೀಪ್ಯಾಡ್ ಫೋನಿನ ಎಫ್‌ಎಂನಾಗ ರೆಕಾರ್ಡ್ ಬಟನ್ ಇರ್ತದ, ಭಾಳ ಮಂದಿಗಿ ಗೊತ್ತೇ ಇಲ್ಲ, ಇಯರ್‌ಫೋನ್ ಚುಚ್ಚಿರಬೇಕು ಅಷ್ಟ, ಅದರ ವಾಯರ್ ಆಂಟೆನಾ ಆಗಿ ಕೆಲಸ ಮಾಡ್ತದ. ಮನ್ಯಾಗ ದೊಡ್ಡ ರೇಡಿಯೊ ಇದ್ರ ಅದರ ಮುಂದ ಮೊಬೈಲ್ ಇಟ್ಟು ವಾಯ್ಸ್ ರೆಕಾರ್ಡರ್ ಹಚ್ಚಿಬಿಡ್ರಿ, ಕುಕ್ಕರ್ ಸೀಟಿ ಬಂದ್ರೂ ಪರವಾಗಿಲ್ಲ. ನಿಮ್ಮ ಕೇಳ್ಕೆಗಿ ಇಟ್ಕೊಳ್ರಿ, ಯೂಟ್ಯೂಬಿಗಿ ಹಾಕಲಿಕ್ಕ ಹೋಗಬ್ಯಾಡ್ರಿ. ಫೈಲಿನ ಹೆಸರು ಆಗಿಂದಾಗ ಬದಲಾಯಿಸ್ರಿ: ತಾರೀಖು, ಸ್ಟೇಷನ್, ಅಂಕಿತ, ಹಾಡಿದವರು. ವಾಟ್ಸಾಪಿನಾಗ ಯಾರಿಗರ ಕಳಿಸೋದಿದ್ರ ಡಾಕ್ಯುಮೆಂಟ್ ಅಂತ ಆರಿಸಿ ಕಳಿಸ್ರಿ, ಆಡಿಯೊ ಅಂತ ಕಳಿಸಿದ್ರ ಆ ಕಡಿ ಹೆಸರು ಅಳಿಸಿ ಹೋಗಿ ಬರೇ ನಂಬರ್ ಉಳೀತದ, ಆರು ತಿಂಗಳ ಮ್ಯಾಲ ಅವರು ಮತ್ತ ನಿಮಗ ಫೋನ್ ಹಚ್ಚಿ "ಇದು ಯಾರ ಹಾಡ್ರಿ?" ಅಂತಾರ.